ಮರಾಠಿಯಲ್ಲಿ ಮರಳಿದ ಮಾತು

ಆ ಭಾನುವಾರ ವಿಶೇಷವೇನೂ ಇರಲಿಲ್ಲ. ಮರಾಠಿ ನಾಡಿನ ಕೊಂಢವಾ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಮ್ಮವರು ನೆಲದ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಬಣ್ಣ, ನಳ, ಪೈಪು ಮಾರುವ ಅಂಗಡಿ ಅವರದು. ವಾರವೆಲ್ಲ ಗಿರಾಕಿಗಳೊಂದಿಗೆ ಮರಾಠಿ. ಭಾನುವಾರ ನನ್ನ ಮುಂದೆ ಕುಳಿತರೆ ವಿಜಯಪುರದ ಕಡೆಯ ನಮ್ಮ ಕನ್ನಡ, ಅದೂ ಹೆಚ್ಚಾಗಿ ನನ್ನನ್ನು ರೇಗಿಸಲಿಕ್ಕೆ.

"ಕಸ್ತೂರಿ, ನಿನ್ನ ಮರಾಠಿ ಕೇಳಿ ಕಾಯಿಪಲ್ಯೆದಾಂವ ಹೆದರಿ ಕೊತ್ತಂಬರಿ ಪುಕಟ ಕೊಟ್ಟಿರಬೇಕು," ಅಂದರು.

"ನನ್ನ ಮರಾಠಿ ಸಂತಿಗಿ ಸಾಕ್ರಿ. ಮನ್ಯಾಗ ಅದರದೇನ ಕೆಲಸ?" ಅಂದೆ.

ಮರುದಿನ ಬೆಳಿಗ್ಗೆ ಅವರ ಕೈಯಿಂದ ಹಲ್ಲುಜ್ಜುವ ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಾಯಿ ಎಡಕ್ಕೆ ಎಳೆದಿತ್ತು. ನನ್ನನ್ನೇ ನೋಡುತ್ತ ಏನೋ ಹೇಳಲು ಹೊರಟಿದ್ದರು.

ಏನೆಂದು ಇಂದಿಗೂ ಗೊತ್ತಿಲ್ಲ.

ಸ್ಟ್ರೋಕ್ ಅಂದರು. ಸಿಟಿ ಸ್ಕ್ಯಾನ್, ಐಸಿಯು, ಮೂಗಿಗೆ ನಳಿಕೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಅದಕ್ಕೆ ಅಫೇಸಿಯಾ ಅನ್ನುತ್ತಾರೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಜೀವ ಉಳಿದದ್ದೇ ದೊಡ್ಡದು ಎಂದೂ ಹೇಳಿದರು. ಆಗ ನನಗೂ ಹಾಗೇ ಅನ್ನಿಸಿತ್ತು.

ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಹುಡುಗಿ ಆಸ್ಪತ್ರೆಗೇ ಬರುತ್ತಿದ್ದಳು. ಮಗ ಮಹೇಶ ಭೋಸರಿಯ ಕಾರ್ಖಾನೆಗೆ ರಜೆ ಹಾಕಿ ಅವರ ಪಕ್ಕ ಕೂಡುತ್ತಿದ್ದ. ನಾನು ಆ ಹೊತ್ತಿಗೆ ಮನೆಗೆ ಹೋಗಿ ಗಂಜಿ ಮಾಡಿಕೊಂಡು ಬರುತ್ತಿದ್ದೆ. ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಒಳಗೆ ಬಂದಾಗ ಮಹೇಶ ಅಳುತ್ತಿದ್ದ.

"ಅವ್ವಾ, ಅಪ್ಪಾ ಮಾತಾಡಿದ್ರು."

"ಏನಂದ್ರು?"

"ಪಾಣಿ."

ಮರಾಠಿಯಲ್ಲಿ ನೀರು. ನಾನೂ ಅತ್ತೆ. ಯಾವ ಮಾತಾದರೇನು, ಬಂತಲ್ಲ ಅಂದುಕೊಂಡೆ.

ಮನೆಗೆ ಕರೆತಂದ ಮೇಲೂ ಬಂದದ್ದೆಲ್ಲ ಮರಾಠಿಯೇ. ಚಹಾ ಕೊಡಲು ಹೋದರೆ ನನ್ನ ಕಡೆ ಬಹಳ ಮರ್ಯಾದೆಯಿಂದ ನೋಡಿ, "ಯಾ, ಬಸಾ. ಕಾಯ್ ದೇವೂ?" ಎಂದರು. ಬನ್ನಿ, ಕೂಡಿ, ಏನು ಕೊಡಲಿ ಎಂದು. ಅಂಗಡಿಯ ಕಟ್ಟೆಯ ಹಿಂದೆ ನಿಂತು ದಿನಾ ಹೇಳುತ್ತಿದ್ದ ಮಾತು. ನನ್ನ ಗುರುತು ಅವರಿಗೆ ಇತ್ತು. ನಾನು ಎದ್ದು ಹೊರಟರೆ ಎಡಗೈಯಿಂದ ಸೆರಗು ಹಿಡಿಯುತ್ತಿದ್ದರು. ನಾನು ಕನ್ನಡದಲ್ಲಿ ಕೇಳಿದ್ದು ತಿಳಿಯುತ್ತಿತ್ತು. ಉತ್ತರ ಮಾತ್ರ ಗಿರಾಕಿಗೆ ಕೊಟ್ಟಂತೆ.

ದೀಪಾವಳಿಗೆ ಸ್ವಲ್ಪ ಮೊದಲು ತಪಾಸಣೆಗೆ ಹೋದಾಗ ಮಹೇಶನ ಜೊತೆ ನಾನೂ ಒಳಗೆ ಹೋದೆ. ನಾವಿಬ್ಬರು ಏನೋ ಮಾತಾಡಿದ್ದನ್ನು ಕೇಳಿ ಥೆರಪಿಸ್ಟ್ ಹುಡುಗಿ ತಲೆ ಎತ್ತಿದಳು. ಇದು ಯಾವ ಭಾಷೆ ಎಂದು ಕೇಳಿದಳು. ಕನ್ನಡ, ಮನೆಯಲ್ಲಿ ನಾವಾಡುವುದು ಅದೇ ಎಂದೆ.

"ಆದರೆ ಮನೆಮಾತು ಮರಾಠಿ ಅಂತ ಮೊದಲ ದಿನ ಹೇಳಿದ್ದರಲ್ಲ," ಎಂದು ಅವಳು ಮರಾಠಿಯಲ್ಲಿ ಅಂದಳು.

ಮಹೇಶ ಮೊಬೈಲು ನೋಡುತ್ತಿದ್ದ.

ಅವನು ಬೇಕೆಂದು ಸುಳ್ಳು ಹೇಳಿದವನಲ್ಲ. ಸಾಲೆಯಲ್ಲಿ, ಕಾರ್ಖಾನೆಯಲ್ಲಿ, ಬಾಡಿಗೆ ಮನೆ ಹುಡುಕುವಾಗ ಯಾರು ಕೇಳಿದರೂ ನಮ್ಮ ಮಕ್ಕಳು ಮರಾಠಿ ಅಂತಲೇ ಹೇಳಿ ಬೆಳೆದವರು. ಹೊಸಿಲು ದಾಟಿದರೆ ಬಾಯಿ ತಾನಾಗಿ ತಿರುಗುತ್ತದೆ. ಆಸ್ಪತ್ರೆಯೂ ಹೊಸಿಲಿನ ಆಚೆಯದೇ. ಮೊದಲಿಂದ ಕನ್ನಡದಲ್ಲಿ ಕಲಿಸಿದ್ದರೆ ಬರುತ್ತಿತ್ತೇ ಎಂದು ಆ ಹುಡುಗಿಯನ್ನು ಕೇಳಿದೆ. ಹೇಳಲಾಗದು, ಕೆಲವರಿಗೆ ಒಂದೇ ಭಾಷೆ ಮರಳುತ್ತದೆ, ಯಾವುದೆಂದು ನಮ್ಮ ಕೈಯಲ್ಲಿಲ್ಲ ಎಂದಳು. ಈಗಲೂ ಮನೆಯಲ್ಲಿ ಪ್ರಯತ್ನ ಮಾಡಿ, ಬಾಯಿಪಾಠವಾದ ಹಾಡು, ಪದ್ಯ ಇದ್ದರೆ ಕೆಲವೊಮ್ಮೆ ಹಾಗೇ ಹೊರಗೆ ಬರುತ್ತವೆ ಎಂದಳು.

ಮನೆಗೆ ಬಂದು ಉಪ್ಪಿನ ಡಬ್ಬಿ ತೋರಿಸಿ "ಉಪ್ಪು" ಅಂದೆ. "ಮೀಠ," ಅಂದರು. ಸೌಟು ತೋರಿಸಿದೆ. "ಡಾವ," ಅಂದು, ಪಾಸಾದ ಹುಡುಗನಂತೆ ನಕ್ಕರು. ಆ ನಗು ನೋಡಿ ನನಗೆ ಸಿಟ್ಟು ಬಂತು. ರೋಗಿಯ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುವವರು ಒಂದು ವಾರ ಬಂದು ನಮ್ಮ ಮನೆಯಲ್ಲಿರಲಿ.

ಬಾಯಿಪಾಠವಾದದ್ದು ಅವರಿಗೆ ಒಂದೇ ಇತ್ತು. ದೀಪಾವಳಿ ಪಾಡ್ಯದ ದಿನ ನಮ್ಮಲ್ಲಿ ಹೆಂಡತಿ ಗಂಡನಿಗೆ ಆರತಿ ಎತ್ತುತ್ತಾಳೆ. ಇಬ್ಬರೂ ಒಬ್ಬರ ಹೆಸರು ಒಬ್ಬರು ಪ್ರಾಸದಲ್ಲಿ ಕಟ್ಟಿ ಹೇಳಬೇಕು, ಅದೇ ಒಡಪು. ಮದುವೆಯಾದಂದಿನಿಂದ ಅವರು ಹೇಳಿದ್ದು ಒಂದೇ ಒಡಪು. ಮಕ್ಕಳು ಹಾಸ್ಯ ಮಾಡಿದರೂ ಬದಲಿಸಲಿಲ್ಲ. ಅದಾದರೂ ಬಂದೀತು ಎಂದು ನಾನು ಹಬ್ಬದ ದಾರಿ ನೋಡಿದೆ. ಯಾರಿಗೂ ಹೇಳಲಿಲ್ಲ.

ಹಬ್ಬಕ್ಕೆ ಮಗಳು ಸವಿತಾ ಶಿರೂರಿನಿಂದ ಬಂದಳು. ಮಹೇಶ ಹೆಂಡತಿ, ಮಗಳನ್ನು ಕರೆತಂದ. ಮನೆ ತುಂಬಿತು. ಅಪ್ಪ ಮರಾಠಿಯಲ್ಲಿ ಕೇಳುತ್ತಾರೆ, ಮಕ್ಕಳು ಮರಾಠಿಯಲ್ಲಿ ಹೇಳುತ್ತಾರೆ, ಮೊಮ್ಮಗಳು ತೊಡೆಯ ಮೇಲೆ ಕೂತು ಹರಟುತ್ತಾಳೆ. ಅವರಿಗೆಲ್ಲ ಅವರ ಅಪ್ಪ, ಅಜ್ಜ ಮರಳಿ ಸಿಕ್ಕಿದ್ದರು.

"ದೇವ್ರು ದೊಡ್ಡಾಂವ ಅದಾನ ಅವ್ವಾ," ಎಂದ ಮಹೇಶ. "ಈ ವರ್ಷ ಹಬ್ಬ ಮಾಡ್ತೀವಂತ ಯಾರಿಗೆ ಗೊತ್ತಿತ್ತು?"

"ಹೌದಪ್ಪಾ," ಅಂದೆ.

ಪಾಡ್ಯದ ಸಂಜೆ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತಿದೆ. ನನ್ನ ಒಡಪು ನಾನು ಹೇಳಿದೆ: "ಬಿಳಿ ಜ್ವಾಳದ ರೊಟ್ಟಿಗಿ ಕರಿ ಎಳ್ಳು ಚೆಂದ, ಶರಣಪ್ಪನವರ ಹೆಸರ ಹೇಳೂದು ನನಗ ಆನಂದ."

ತಟ್ಟೆ ಹಿಡಿದುಕೊಂಡೇ ನಿಂತೆ. ಅವರು ನನ್ನ ಮುಖ ನೋಡಿದರು. ತುಟಿಗಳು ಅಲುಗಿದವು. ಏನೋ ಹುಡುಕುತ್ತಿದ್ದರು. ನನ್ನ ಹೆಸರು ಕಸ್ತೂರಿ. ಕ ಅಕ್ಷರಕ್ಕೆ ಬಾಯಿ ತೆರೆದಂತೆಯೇ ಇತ್ತು.

ಮಹೇಶ ಅವರ ಎಡಗೈಯಲ್ಲಿ ಇಟ್ಟಿದ್ದ ಸೀರೆಯ ಪೊಟ್ಟಣವನ್ನು ನಮ್ಮವರು ತಟ್ಟೆಯ ಮೇಲಿಟ್ಟರು.

"ಧನ್ಯವಾದ. ಪುನ್ಹಾ ಯಾ," ಎಂದರು.

ಮತ್ತೆ ಬನ್ನಿ.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಮಹೇಶ, ಸೊಸೆ ನಕ್ಕರು. ಪ್ರೀತಿಯಿಂದಲೇ ನಕ್ಕರು. ನಮ್ಮವರೂ ನಕ್ಕರು. ನಾನು ತಟ್ಟೆ ಇಳಿಸಿ ಅಡುಗೆಮನೆಗೆ ಹೋದೆ. ಸವಿತಾ ಹಿಂದೆಯೇ ಬಂದಳು.

"ಅವ್ವಾ, ಅಳಬ್ಯಾಡ. ನೀನs ಒಂದೀಟು ಮರಾಠಿ ಛಲೋ ಕಲತಬಿಡು. ಅವರ ಜೋಡಿ ಅದರಾಗs ಮಾತಾಡು."

"ನನ್ನ ಗಂಡನ ಜೋಡಿ ಮಾತಾಡಾಕ ನಾ ಟ್ಯೂಷನ್ ಹಚ್ಕೋಬೇಕೇನ?"

ಅವಳು ಕರ್ಚಿಕಾಯಿ ತಟ್ಟೆಗೆ ಹಾಕಿಕೊಂಡು ಹೊರಗೆ ಹೋದಳು. ಅವಳ ತಪ್ಪಿಲ್ಲ. ಅವಳು ಹೇಳಿದ್ದೇ ಸರಿಯಾದ ದಾರಿ ಇರಬಹುದು. ಈಗ ಮೊಮ್ಮಗಳಿಂದ ದಿನಕ್ಕಿಷ್ಟು ಮರಾಠಿ ಕಲಿಯುತ್ತಿದ್ದೇನೆ, ಫೋನಿನಲ್ಲಿ. ನಾನು ತಪ್ಪಿದರೆ ನಮ್ಮವರು ತಿದ್ದುತ್ತಾರೆ. ಬಹಳ ಸೌಮ್ಯವಾಗಿ ತಿದ್ದುತ್ತಾರೆ.

ಅವರು ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾರೆ. ಎಡಗೈಯಲ್ಲಿ ತಾವೇ ಉಣ್ಣುತ್ತಾರೆ. ಐಸಿಯು ಬಾಗಿಲಲ್ಲಿ ನಿಂತು ನಾನು ಬೇಡಿಕೊಂಡದ್ದು ಇಷ್ಟನ್ನೇ, ಇಷ್ಟು ಸಿಕ್ಕಿದೆ. ಇಲ್ಲ ಅನ್ನುವುದಿಲ್ಲ. ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ.

ಮಕ್ಕಳಿಗೆ ನಾನು ಅವ್ವ, ಮೊಮ್ಮಗಳಿಗೆ ಆಜಿ, ಓಣಿಯವರಿಗೆ ಕಾಕು. ಕಸ್ತೂರಿ ಎಂದು ಕರೆಯುವವರು ಈಗ ಯಾರೂ ಇಲ್ಲ.