ತೋಳದ ಹೆಸರಿನ ಹಿಂಡು

ಮಸ್ಕಿ ಕಡೆಯ ಕುರಿಗಾರರಲ್ಲಿ ನಮ್ಮ ಮಗ್ಗುಲ ಮನೆಯ ಗ್ಯಾನಪ್ಪನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಗುಡ್ಡದ ಗವಿಯಲ್ಲಿ ತೋಳ ಮರಿ ಹಾಕಿತೆಂದರೆ ಉಳಿದವರು ಹುಲ್ಲಿನ ಸಿವುಡು ಹೊತ್ತು, ಮರಿಗಳು ಉಸಿರುಗಟ್ಟಿ ಸಾಯುವಂತೆ ಹೊಗೆ ಹಾಕಲು ಹೊರಡುತ್ತಿದ್ದರು. ಇವನು ಅಡ್ಡ ನಿಲ್ಲುತ್ತಿದ್ದ. “ಗುಡ್ಡ ಅದರದೈತಿ, ಕುರಿ ಹೊಡಕೊಂಡು ಹೋದವ್ರು ನಾವು” ಎನ್ನುತ್ತಿದ್ದ. ಕುರಿ ಕಳಕೊಂಡವರ ಹೊಟ್ಟೆ ಆ ಮಾತಿನಿಂದ ತುಂಬುತ್ತದೆಯೇ? ಚೆನ್ನಾಗಿ ಬೈಸಿಕೊಳ್ಳುತ್ತಿದ್ದ.

ಒಮ್ಮೆ ಲಿಂಗಸುಗೂರಿನಲ್ಲಿ ಕಾಡುಪ್ರಾಣಿಗಳ ಬಗ್ಗೆ ಸಭೆ ನಡೆಯಿತು. ಅಲ್ಲಿ ಒಬ್ಬರು ಶಾಶ್ವತ ನಿಧಿಯ ವಿಷಯ ಹೇಳಿದರು: ಅಸಲು ಮುಟ್ಟಬಾರದು, ಬರುವ ಬಡ್ಡಿಯಲ್ಲೇ ಪ್ರಾಣಿಗಳನ್ನು ಉಳಿಸುವ ಕೆಲಸ ವರ್ಷಾನುಗಟ್ಟಲೆ ನಡೆಯಬೇಕು. ನಾವೆಲ್ಲ ಚಹಾ ಕುಡಿದು ಮರೆತೆವು. ಗ್ಯಾನಪ್ಪ ಮಾತ್ರ ಊರಿಗೆ ಬಂದು ಕುರಿಗಾರರನ್ನು ಕೂಡಿಸಿದ.

“ನಮಗ್ಯಾಕ ಬ್ಯಾಂಕು? ಮನಿಗೊಂದು ಹೆಣ್ಣುಕುರಿ ಕೊಡ್ರಿ. ತಾಯಿಕುರಿ ಅಸಲು, ಮರಿ ಬಡ್ಡಿ. ತೋಳ ಯಾರ ಕುರಿ ಹಿಡದ್ರೂ ಅವರು ಈ ಹಿಂಡಿನ್ಯಾಗ ಮರಿ ಆರಿಸ್ಕೊಳ್ಳಿ. ಆದ್ರ ಗವೀಗೆ ಹೊಗಿ ಹಾಕಂಗಿಲ್ಲ.”

ಮಂದಿ ನಕ್ಕರು. ಅವನು ತನ್ನ ಹಿಂಡಿನ ಒಳ್ಳೆಯ ಕುರಿಗಳನ್ನೇ ಮೊದಲು ಬಿಟ್ಟ ಮೇಲೆ ನಾಚಿಕೆಗಾದರೂ ಒಂದೊಂದು ಕೊಟ್ಟರು. ಗುರುತಿಗೆ ಎಡಗಿವಿಯ ತುದಿ ಕತ್ತರಿಸಿದರು. ಈ ತಾಯಿಕುರಿಗಳನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ ಎಂದು ದೇವರ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡಿದರು. ಹಿಂಡು ಕಾಯುವ ಜವಾಬ್ದಾರಿ ಗ್ಯಾನಪ್ಪನ ಹೆಂಡತಿಯ ತಮ್ಮ ಅಂಬಪ್ಪನಿಗೆ ಬಂತು. ಬೇರೆಯವರ ಹೆಸರು ಹೇಳಿದರೆ ಗ್ಯಾನಪ್ಪ ಕೆರಳುತ್ತಿದ್ದ. “ಅಂವಾ ನನ್ನ ಕೈಯಾಗ ಬೆಳದಾನ” ಎಂದು ಎಲ್ಲರ ಬಾಯಿ ಮುಚ್ಚಿಸಿದ.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಕುರಿ ಕಳಕೊಂಡವರು ಬೈಯುತ್ತಲೇ ಮರಿ ಒಯ್ದರು, ಗವಿಯ ತಂಟೆಗೆ ಹೋಗಲಿಲ್ಲ.

ಈ ಸಲ ಅಂಬಪ್ಪ ಮಗಳು ಅಂಜಲಿಯ ಮದುವೆಯನ್ನು ಸಿಂಧನೂರಿನಲ್ಲಿ ಜೋರಾಗಿ ಮಾಡಿದ. ಮರುದಿನದ ಮಾಂಸದೂಟಕ್ಕೆ ನಾನೂ ಹೋಗಿದ್ದೆ. ಗ್ಯಾನಪ್ಪ ಮೊದಲ ಪಂಕ್ತಿಯಲ್ಲಿ ಕುಳಿತು, “ನಮ್ಮ ಅಂಬಪ್ಪ ಕೈ ಬಿಗಿ ಹಿಡಿದಿಲ್ಲ ನೋಡ್ರಿ” ಎಂದು ಬೀಗುತ್ತ ಮತ್ತೆ ಮತ್ತೆ ಬಡಿಸಿಕೊಂಡ.

ಅದಾದ ಕೆಲವೇ ದಿನಕ್ಕೆ ತೋಳ ಯಮನೂರಮ್ಮನ ಎರಡು ಕುರಿ ಹಿಡಿಯಿತು. ಕೂಲಿ ಮಾಡಿ ನಾಲ್ಕು ಕುರಿ ಕಟ್ಟಿಕೊಂಡ ವಿಧವೆ ಆಕೆ. ಹಿಂಡಿಗೆ ತನ್ನ ಪಾಲಿನ ಕುರಿಯನ್ನೂ ಕೊಟ್ಟವಳು. ಮರಿ ಕೊಡಿಸಲು ಗ್ಯಾನಪ್ಪ ಅವಳನ್ನೂ ನನ್ನನ್ನೂ ಕರೆದುಕೊಂಡು ದಢೇಸುಗೂರಿಗೆ ಹೋದ. ನೆಲ್ಲು ಕೊಯ್ದ ಗದ್ದೆಯಲ್ಲಿ ಅಂಬಪ್ಪ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಅವನ ಸ್ವಂತ ಕುರಿಗಳಿದ್ದವು. ಕಿವಿ ಕತ್ತರಿಸಿದ್ದು ಒಂದೂ ಇರಲಿಲ್ಲ.

“ಎಲ್ಯಾವಲೇ?” ಎಂದ ಗ್ಯಾನಪ್ಪ.

“ಮದುವೀಗೆ ಹೋದ್ವು, ಮಾವ. ನಿನ್ನ ಸೊಸೀ ಮದುವೀಗೇ ಅಲ್ಲೇನು? ಬೀಗರ ಮುಂದ ಮರ್ಯಾದಿ ಉಳೀತು. ಅಕ್ಕಗೂ ಗೊತ್ತೈತಿ. ನೀನೂ ಉಂಡೀದಿ.”

ಅವನ ಕಪಾಳಕ್ಕೆ ಬಿಗಿಯಬೇಕೆಂದು ನನ್ನ ಕೈ ತುರಿಸಿತು. ಗ್ಯಾನಪ್ಪ “ಅಕಿಗೂ ಗೊತ್ತಿತ್ತಾ?” ಎಂದಷ್ಟೇ ಕೇಳಿದ. ಹೆತ್ತ ಮಗನಂತೆ ಅವನು ಸಾಕಿದ ಅಂಬಪ್ಪ, ಜೊತೆಗೆ ಬಾಳಿದ ಹೆಂಡತಿ, ಇಬ್ಬರೂ ಸೇರಿ ಅವನ ಬಾಯಿಂದಲೇ ಅವನ ಆಣೆ ಮುರಿಸಿದ್ದರು.

ಮರುದಿನ ಬೆಳಿಗ್ಗೆ ಅವನು ತನ್ನ ಎರಡು ಕುರಿಗಳನ್ನು ಯಮನೂರಮ್ಮನ ಬಾಗಿಲಿಗೆ ಕಟ್ಟಿ ಬಂದ. ಆಣೆ ಮುರಿದ ಮನೆಯ ಕುರಿ ತನಗೆ ಬೇಡವೆಂದು ಅವಳು ಬಿಚ್ಚಿ ವಾಪಸು ಅಟ್ಟಿದಳು. ಬಿಸಿಲೇರುವ ಹೊತ್ತಿಗೆ ಕುರಿಗಾರರು ಸಿವುಡು ಹೊತ್ತು ಗುಡ್ಡ ಹತ್ತಿದರು, ಎಲ್ಲರಿಗಿಂತ ಮುಂದೆ ಅವಳೇ. ಗ್ಯಾನಪ್ಪ ಓಡಿಹೋಗಿ ಗವಿಯ ಬಾಯಿಗೆ ಅಡ್ಡ ನಿಂತ. ಒಳಗೆ ಮರಿಗಳು ಕುಂಯ್‌ಗುಡುತ್ತಿದ್ದವು.

“ತೋಳ ನನ್ನವು ಎರಡು ತಿಂದಾವ, ಹೊಟ್ಟಿಗಿಲ್ಲದ ತಿಂದಾವ” ಎಂದಳು ಯಮನೂರಮ್ಮ. “ನೀವು ಮಂದೀದು ಇಡೀ ಹಿಂಡು ಉಂಡೀರಿ, ಭಂಡಾರ ಮುಟ್ಟಿ ಉಂಡೀರಿ. ನಿಮ್ಮ ಮನೀಗೆ ಹೊಗಿ ಹಾಕಾಕ ಬರಂಗಿಲ್ಲಲ್ಲ, ಅದಕ್ಕ ಇಲ್ಲಿಗೆ ಬಂದೀನಿ. ಸರಿ ಅತ್ಲಾಗ, ಯಣ್ಣಾ.”

ಅಷ್ಟು ವರ್ಷ ಯಾರು ಎಷ್ಟು ಬೈದರೂ ಕದಲದ ಗ್ಯಾನಪ್ಪ ಪಕ್ಕಕ್ಕೆ ಸರಿದು ನಿಂತ.