ತೊಳೆದು ಬಂದ ಬಾಯಿಗಳು

ಸಿಂಧನೂರಿನ ಒಬ್ಬ ಹಲ್ಲಿನ ಡಾಕ್ಟರರ ಬಳಿ ನಾಗವೇಣಿ ಕೆಲಸಕ್ಕಿದ್ದಾಳೆ. ಚಿಮುಟ, ಕನ್ನಡಿ ತೊಳೆದಿಡುವುದು, ಬಂದವರಿಗೆ ಬಾಯಿ ಮುಕ್ಕಳಿಸಲು ಹೇಳುವುದು. ಅವಳು ಎಂ.ಎಸ್ಸಿ. ಓದಿದವಳು ಎಂದರೆ ಯಾರೂ ನಂಬುವುದಿಲ್ಲ. ನಂಬಿಸುವ ಉಸಾಬರಿಗೆ ಅವಳೂ ಹೋಗುವುದಿಲ್ಲ.

ಊರು ಪಾಮನಕಲ್ಲೂರು. ಕೂಲಿ ಮಾಡುವ ಗಿರಿಯಮ್ಮನ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಅವಳಿಗೆ ಪಿಎಚ್.ಡಿ. ಸೀಟು ಇನ್ನೇನು ಸಿಕ್ಕೇಬಿಟ್ಟಿತು ಎನ್ನುವಂತಿತ್ತು. ವಿಶ್ವವಿದ್ಯಾಲಯದ ವಿಜಯಶ್ರೀ ಮೇಡಂ ಒಂದೇ ಷರತ್ತು ಹಾಕಿದ್ದರು: ಊರಿನ ನಲವತ್ತು ಜನರ ಹಲ್ಲಿನ ಪಾಚಿ ತೆಗೆದು ತಾ, ಪರೀಕ್ಷೆಯಲ್ಲಿ ಏನಾದರೂ ಕಂಡರೆ ಸೀಟು ನಿನ್ನದು.

ಬಾಯಿಯ ಕ್ರಿಮಿ ಎಂದರೆ ಮೂಗು ಮುರಿಯುವವರೇ ಬಹಳ. ಆದರೆ ಆ ಬ್ಯಾಕ್ಟೀರಿಯಾಗಳಿಗೂ ವೈರಿಗಳಿದ್ದಾರೆ. ವೈರಸ್ ಮೈಮೇಲೆ ಬಿದ್ದಾಗ ಹೇಗೋ ಬದುಕಿಕೊಂಡ ಬ್ಯಾಕ್ಟೀರಿಯಾ ಆ ವೈರಸ್ಸಿನ ಡಿಎನ್‌ಎಯ ಒಂದು ಚೂರನ್ನು ಕತ್ತರಿಸಿ ತನ್ನ ಡಿಎನ್‌ಎಯಲ್ಲೇ ಸೇರಿಸಿ ಇಟ್ಟುಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ಆ ಚೂರಿನಿಂದ ಗುರುತು ಹಿಡಿದು ತುಂಡರಿಸುತ್ತದೆ. ಈ ನೆನಪು ಮರಿಗೂ ಇಳಿಯುತ್ತದೆ. ಇದಕ್ಕೆ ಕ್ರಿಸ್ಪರ್ ಎಂದು ಹೆಸರು. ವಸಡು ಕೊಳೆಸುವ ಬ್ಯಾಕ್ಟೀರಿಯಾಗಳು ಅಷ್ಟು ಗಟ್ಟಿಯಾಗಿ ನೆಲೆಯೂರುವುದಕ್ಕೆ ಈ ನೆನಪೂ ಕಾರಣವೇ ಎನ್ನುವುದು ನಾಗವೇಣಿಯ ಪ್ರಶ್ನೆ. ನಲವತ್ತೈದಕ್ಕೇ ಅರ್ಧ ಹಲ್ಲು ಕಳೆದುಕೊಂಡ ಅವ್ವನನ್ನು ನೋಡುತ್ತ ಬೆಳೆದವಳಿಗೆ ಇನ್ಯಾವ ಪ್ರಶ್ನೆ ಬಂದೀತು?

ಪಾಚಿಯನ್ನು ಬೆಳಗಿನ ತೊಳೆಯದ ಬಾಯಿಂದಲೇ ತೆಗೆಯಬೇಕು. ಹಿಂದಿನ ದಿನ ನಾಗವೇಣಿ ಮನೆಮನೆಗೆ ಹೋಗಿ, ನಾಳೆ ಬಾಯಿ ತೊಳೆಯದೆ ಬನ್ನಿ ಎಂದು ಕೈಮುಗಿದು ಹೇಳಿದಳು. ಎಲ್ಲರೂ ನಕ್ಕು ಹೂಂ ಎಂದರು. ಎಡವಟ್ಟಾದದ್ದು ಅಲ್ಲೇ. ಆ ಸೀಮೆಯಲ್ಲಿ ಮನೆಗೆ ಬಂದವರು ಏನೂ ಬೇಡ ಎಂದರೆ ಒಲೆಯ ಮೇಲೆ ಚಹಾಕ್ಕೆ ನೀರು ಏರುತ್ತದೆ. ಬೇಡ ಎನ್ನುವುದು ಬಂದವರ ಮರ್ಯಾದೆ, ಕೇಳದೆ ಮಾಡುವುದು ಮನೆಯವರ ಮರ್ಯಾದೆ. ತೊಳೆಯಬೇಡಿ ಎಂಬುದನ್ನೂ ಜನ ಅದೇ ಲೆಕ್ಕಕ್ಕೆ ಹಾಕಿಕೊಂಡರು. ಊರಲ್ಲೇ ಹುಟ್ಟಿದವಳಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ನಲವತ್ತು ಜನ ಬಾಯಿ ತೆರೆದರು. ದೊಡ್ಡ ಮನೆಯ ಅಮರಗುಂಡಪ್ಪನವರೂ ಅವರ ಹೆಂಡತಿ ಶೇಖರಮ್ಮನವರೂ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಕೂತರು. ತೊಳೆದಿಲ್ಲ ತಾನೇ ಎಂದು ಕೇಳಿದಾಗ ಎಲ್ಲರೂ ಇಲ್ಲ ಎಂದು ತಲೆಯಾಡಿಸಿದರು. ಪಾಚಿ ತೆಗೆಯುವ ಕಡ್ಡಿಯ ತುದಿಯ ಹತ್ತಿ ಕಪ್ಪಾದದ್ದು ನಾಗವೇಣಿಗೆ ಕಂಡಿತ್ತು. ತಂಬಾಕಿನ ಪುಡಿ ಇರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅಮರಗುಂಡಪ್ಪನವರಿಗೆ ಎರಡನೇ ಸಲ ಅದೇ ಪ್ರಶ್ನೆ ಕೇಳುವ ಧೈರ್ಯ ಅವಳಿಗಿರಲಿಲ್ಲ. ‘ತೊಳೆದಿಲ್ಲ’ ಎಂದು ನಲವತ್ತು ಜನರ ವಿವರದ ಹಾಳೆಗಳ ಮೇಲೂ ಬರೆದು ಸಹಿ ಹಾಕಿದಳು.

ತಿಂಗಳ ಮೇಲೆ ಮೇಡಂ ಕರೆಸಿದರು. ಮೂವತ್ತಾರರಲ್ಲಿ ಏನೂ ಸಿಕ್ಕಿರಲಿಲ್ಲ, ಬರೀ ಹಲ್ಲುಜ್ಜುವ ಇದ್ದಲಿ ಪುಡಿ. ಇದ್ದಲಿ ಇದ್ದಲ್ಲಿ ಡಿಎನ್‌ಎ ಕೈಗೆ ಬರುವುದಿಲ್ಲ. ಹಾಳೆಗಳನ್ನು ಮುಂದಿಟ್ಟು ಅವರು ಶಾಂತವಾಗಿಯೇ ಅಂದರು:

“ಕಣ್ಣಿಗೆ ಕಂಡದ್ದನ್ನು ಬರೆಯದವರು ನನ್ನ ಹತ್ತಿರ ಬೇಡ.”

ಸೀಟು ಬೇರೆಯವರ ಪಾಲಾಯಿತು. ನಾಗವೇಣಿ ಮೈಯೆಲ್ಲ ಉರಿಯುತ್ತ ಮಸ್ಕಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬಂದಳು. ಅಷ್ಟೂ ಜನ ಒಂದೇ ಬೆಳಿಗ್ಗೆ ಇದ್ದಲಿ ಹಚ್ಚಬೇಕಾದರೆ ಯಾರೋ ಹೇಳಿಕೊಟ್ಟಿರಲೇಬೇಕು. ಇದ್ದಲಿ ಹಚ್ಚಿ ತಿಕ್ಕಿಕೊಂಡು ಬರಲು ಊರಿಗೆಲ್ಲ ಹೇಳಿದವರು ಯಾರು ಎಂದು ಹೊಸಲಲ್ಲೇ ನಿಂತು ಕೇಳಿದಳು. ಗಿರಿಯಮ್ಮನ ಮುಖ ಅರಳಿತು.

“ನಾನ ಹೇಳೀನಿ. ಸಂಜಿಗಿ ಮನಿಮನಿ ತಿರುಗೀನಿ. ಅಕಿ ಕೇಳಿದ್ರ ತೊಳದಿಲ್ಲ ಅನ್ರಿ ಅಂತನೂ ಹೇಳೀನಿ. ಹೊಲಸು ಬಾಯಾಗ ನೀ ಯಾಕ ಕೈ ಹಾಕಬೇಕು?” ಎಂದವಳು ದನಿ ತಗ್ಗಿಸಿದಳು. “ದೊಡ್ಡ ಮನ್ಯಾಗ ಇವತ್ತಿಗೂ ನನಗ ಮ್ಯಾಲಿಂದ ಬೊಗಸಿಗೆ ನೀರು ಹಾಕ್ತಾರ. ತಂಬಿಗಿಗೆ ನನ್ನ ಬಾಯಿ ತಾಕಬಾರದು. ಅವರ ಬಾಗಲಾಗ ನಿಂತು ಅಂದೆ, ನನ್ನ ಮಗಳು ಕೈ ಹಾಕ್ತಾಳ್ರೀ, ಚೊಕ್ಕ ಮಾಡಿಕೊಂಡು ಬರ್ರಿ ಅಂತ. ಬಂದ್ರಲ್ಲವ್ವಾ. ನನ್ನ ಮಾತು ಕೇಳಿ ಬಂದ್ರು.”

ನಾಗವೇಣಿ ಹೊಸಲು ದಾಟಿ ಒಳಗೆ ಬಂದು ಚೀಲ ಇಳಿಸಿದಳು. ಅವ್ವನ ಮೇಲೆ ಅವಳಿಗೆ ಆ ಹೊತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆ ಸಿಟ್ಟಿಗೆ ನಾಚಿಕೆಯೂ ಆಗುತ್ತದೆ. ಇಡೀ ಜೀವಮಾನದಲ್ಲಿ ದೊಡ್ಡ ಮನೆ ಅವ್ವನ ಮಾತು ಕೇಳಿದ್ದು ಅದೊಂದೇ ದಿನ.

ಸೀಟು ಏನಾಯಿತು ಎಂದು ಗಿರಿಯಮ್ಮ ಕೇಳಿದಳು.

“ಸೀಟ ಕಮ್ಮಿ ಇದ್ದುವವ್ವಾ,” ಎಂದಳು ನಾಗವೇಣಿ.

ಗಿರಿಯಮ್ಮ ಮಗಳ ತಲೆ ಸವರಿದಳು.

“ಹೋಗಲಿ ಬಿಡು. ಮುಂದಿನ ಸಲ ನಾಕು ದಿನ ಮೊದಲ ಹೇಳು, ಊರಿಗೂರು ತೊಳಸ್ತೀನಿ.”