ಡ್ರಮ್ಮಕ್ಕನ ಮೂಗು

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಥಿನ್ನರ್ ಡ್ರಮ್ಮುಗಳ ನಡುವೆ ಅರ್ಧ ಆಯುಷ್ಯ ಕಳೆದವಳು, ಹಾಗಾಗಿ ಡ್ರಮ್ಮಕ್ಕ. ಮೇಸ್ತ್ರಿ ಹಾಗೇ ಕರೆಯುತ್ತಿದ್ದ, ಮ್ಯಾನೇಜರೂ ಹಾಗೇ ಕರೆಯುತ್ತಿದ್ದರು, ಕೊನೆಗೆ ಒಡಹುಟ್ಟಿದ ತಮ್ಮನೂ ಕೆಲಸದ ಹೊತ್ತಿನಲ್ಲಿ ಹಾಗೇ ಕೂಗುತ್ತಿದ್ದ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ನಾನೇನು ಡ್ರಮ್ಮಿನ ಹಾಗಿದ್ದೀನೇನ್ರೋ?" ಎಂದು ರೇಗುತ್ತಿದ್ದಳು. ಅವಳೋ ಕಡ್ಡಿಯಂಥ ಸಣಕಲಿ, ಅದಕ್ಕೇ ಎಲ್ಲರಿಗೂ ಇನ್ನಷ್ಟು ನಗು. ಬರಬರುತ್ತಾ ಆ ಹೆಸರು ರೂಢಿಯಾಯಿತು. ರೂಢಿಯಾದ ಮೇಲೆ ಒಳಗೊಳಗೇ ಹೆಮ್ಮೆಯೂ ಆಯಿತು.

ಅಲ್ಲಿ ತಯಾರಾಗುತ್ತಿದ್ದದ್ದು ಅಂಟು. ಚಪ್ಪಲಿಯ ಅಟ್ಟೆಗೆ, ಮೇಜಿನ ಹಲಗೆಗೆ ಹಚ್ಚುವ ಹಳದಿ ಅಂಟು. ರಬ್ಬರಿನ ಚೂರುಗಳನ್ನು ಥಿನ್ನರಿನಲ್ಲಿ ಕರಗಿಸಿ ಆಳೆತ್ತರದ ಟ್ಯಾಂಕುಗಳಲ್ಲಿ ಕಲಕುತ್ತಿದ್ದರು. ಲಾರಿಯಲ್ಲಿ ಬಂದ ಥಿನ್ನರ್ ಡ್ರಮ್ಮುಗಳನ್ನು ಇಳಿಸಿಕೊಂಡು, ನೆರಳಿನಲ್ಲಿ ಜೋಡಿಸಿಟ್ಟು, ಕೇಳಿದಷ್ಟು ಅಳೆದು ಸುರಿದು ಕೊಡುವುದು ಡ್ರಮ್ಮಕ್ಕನ ಕೆಲಸ. ಹೊಸಬರು ಯಾರೇ ಬರಲಿ, ಮೊದಲ ದಿನವೇ ಅವರನ್ನು ಡ್ರಮ್ಮಿನ ಮುಂದೆ ನಿಲ್ಲಿಸಿ ಪಾಠ ಶುರು ಮಾಡುತ್ತಿದ್ದಳು.

"ಈ ಕೆಂಪು ಗೀಟಿನ ಚೌಕ ನೋಡಿದ್ರಾ? ಮೂಲೆ ಮೇಲೆ ನಿಂತಿದೆ, ಒಳಗೆ ಬೆಂಕಿ ಚಿತ್ರ. ಇದು ಎರಡನೇ ದರ್ಜೆದು. ಎರಡನೇ ದರ್ಜೆ ಅಂದ್ರೆ ಪರವಾಗಿಲ್ಲ ಅಂದ್ಕೋಬೇಡಿ, ಇದೇನು ಸ್ಕೂಲ್ ಪರೀಕ್ಷೆ ಅಲ್ಲ. ಇಲ್ಲಿ ನಂಬರ್ ಕಮ್ಮಿ ಆದಷ್ಟೂ ಅಪಾಯ ಜಾಸ್ತಿ. ಚಳಿಗಾಲದ ಬೆಳಗಲ್ಲೂ ಇದರಿಂದ ಆವಿ ಏಳ್ತಾನೇ ಇರುತ್ತೆ. ಮೊದಲು ಹತ್ಕೊಳ್ಳೋದು ಆ ಆವಿ. ಅದು ಮೇಲಕ್ಕೆ ಹೋಗಿ ಹಾಳಾಗಿ ಹೋಗೋದಿಲ್ಲ, ನೆಲ ಹಿಡ್ಕೊಂಡು ಹರೀತಾ ಹೋಗುತ್ತೆ. ಅಲ್ಲೆಲ್ಲೋ ಒಂದು ಕಿಡಿ ಸಿಕ್ತೋ, ಬೆಂಕೀನ ಇಲ್ಲೀವರೆಗೂ ಕರ್ಕೊಂಡು ಬರುತ್ತೆ."

ಆಮೇಲೆ ಕಟ್ಟಳೆಗಳು. ನೈಲಾನ್ ಬಟ್ಟೆ ಕೂಡದು, ಹತ್ತಿಯದೇ ಆಗಬೇಕು. ಮೊಬೈಲು ಗೇಟಿನಲ್ಲೇ ಇರಬೇಕು. ಮುಚ್ಚಳ ಬಿಚ್ಚಲು ಹಿತ್ತಾಳೆಯ ಸ್ಪ್ಯಾನರು, ಕಬ್ಬಿಣದ್ದನ್ನು ಕೈಯಲ್ಲಿ ಹಿಡಿದರೆ ಉಗಿದು ಉಪ್ಪು ಹಾಕುವಳು. ಡ್ರಮ್ಮಿನಿಂದ ಡಬ್ಬಿಗೆ ಸುರಿಯುವ ಮೊದಲು ಎರಡಕ್ಕೂ ಅರ್ತಿಂಗ್ ತಂತಿಯ ಕ್ಲಿಪ್ಪು ಕಚ್ಚಿಸಬೇಕು, ಏಕೆಂದರೆ ಥಿನ್ನರು ಸುಮ್ಮನೆ ಹರಿದರೂ ಕರೆಂಟು ಹುಟ್ಟಿ ಕಿಡಿ ಹಾರಬಹುದು. ಖಾಲಿ ಡ್ರಮ್ಮನ್ನು ಕಂಡರಂತೂ ಅವಳಿಗೆ ತುಂಬಿದ್ದಕ್ಕಿಂತ ಹೆಚ್ಚು ಭಯ. ತುಂಬಿದ್ದರಲ್ಲಿ ಆವಿಗೆ ಜಾಗ ಎಲ್ಲಿ? ಖಾಲಿಯಾದದ್ದರ ತುಂಬ ಅದೇ ಇರುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟಿದ್ದ ಜಾಗದಲ್ಲಿ ಒಂದು ಹುಚ್ಚು ಪದ್ಧತಿಯೂ ಇತ್ತು. ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಟ್ಯಾಂಕಿನ ತಳ ಸೋರಿದರೆ ವೆಲ್ಡಿಂಗ್ ಮಾಡಬೇಕಲ್ಲ? ಅದಕ್ಕೆ ಮೊದಲು ಟ್ಯಾಂಕನ್ನು ತೊಳೆದು, ಹಬೆ ಹಾಯಿಸಿ, ಬಾಯಿ ತೆರೆದಿಟ್ಟು, ಒಳಗೆ ಆವಿ ಉಳಿದಿಲ್ಲ ಎಂದು ಮೀಟರಿನಿಂದ ನೋಡಬೇಕು. ಮೀಟರು ಇತ್ತು. ಕೆಟ್ಟು, ಮ್ಯಾನೇಜರರ ಬೀರುವಿನಲ್ಲಿ ತನ್ನ ಪೆಟ್ಟಿಗೆಯೊಳಗೆ ಬೆಚ್ಚಗೆ ಮಲಗಿತ್ತು. ಅದರ ಕೆಲಸವನ್ನು ಡ್ರಮ್ಮಕ್ಕನ ಮೂಗು ಮಾಡುತ್ತಿತ್ತು. ಅವಳು ಏಣಿ ಹತ್ತಿ, ಟ್ಯಾಂಕಿನ ಬಾಯಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವಳು. ವಾಸನೆ ಇಲ್ಲದಿದ್ದರೆ ಟ್ಯಾಂಕಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ರೈಟ್ ಗುರುತು. ಆ ಗುರುತು ಬಿದ್ದರೆ ಸಾಕು, ವೆಲ್ಡರು ಕಣ್ಣು ಮುಚ್ಚಿಕೊಂಡು ಕಿಡಿ ಹಾರಿಸುತ್ತಿದ್ದ. "ನಮ್ಮ ಡ್ರಮ್ಮಕ್ಕನ ಮೂಗಿಗೆ ರಿಪೇರಿ ಖರ್ಚಿಲ್ಲ" ಎಂದು ಮ್ಯಾನೇಜರರು ಬಂದವರ ಮುಂದೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಪಾಪ, ಹೊಗಳಿಕೆ ಯಾರಿಗೆ ಬೇಡ?

ಆ ವೆಲ್ಡರು ಬೇರೆ ಯಾರೂ ಅಲ್ಲ, ಅವಳ ತಮ್ಮನೇ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ ಮೇಲೆ ಅವಳೇ ಅವನನ್ನು ಎತ್ತಿ ಆಡಿಸಿ ಸಾಕಿದ್ದು. ತಾನು ಮದುವೆಯ ಮಾತೇ ಎತ್ತದೆ ಅವನಿಗೆ ಕೆಲಸ ಕಲಿಸಿ, ಹೆಣ್ಣು ತಂದು, ಎರಡು ಕೋಣೆಯ ಮನೆಯಲ್ಲಿ ಒಂದನ್ನು ಅವರಿಗೆ ಬಿಟ್ಟುಕೊಟ್ಟು ತಾನು ಅಡುಗೆ ಒಲೆಯ ಪಕ್ಕ ಚಾಪೆ ಹಾಸಿದಳು. ತಮ್ಮನ ಹೆಂಡತಿಗೆ, ಅವಳ ನಾದಿನಿಗೆ, ಅದು ಮುಜುಗರ. "ಅತ್ತಿಗೆ, ನೀವು ಒಳಗೆ ಮಲಗಿ" ಎಂದರೆ, "ಹೋಗೇ, ನಂಗೆ ಇಲ್ಲೇ ಬೆಚ್ಚಗಿರುತ್ತೆ" ಎಂದು ಬಾಯಿ ಮುಚ್ಚಿಸುವಳು.

ಆ ಒಲೆಯ ಮೇಲೇ ಒಂದು ದಿನ ಗುಟ್ಟು ರಟ್ಟಾಯಿತು, ಅದೂ ಅವಳೊಬ್ಬಳಿಗೇ. ನಾದಿನಿ ಹಾಲು ಇಟ್ಟು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಡ್ರಮ್ಮಕ್ಕ ಅಲ್ಲೇ ಗೋಡೆಗೆ ಒರಗಿ ಸೀರೆಯ ಅಂಚು ಹೊಲಿಯುತ್ತಾ ಕೂತಿದ್ದಳು. ನಾದಿನಿ ಮೆಟ್ಟಿಲಿನಿಂದಲೇ ಕೂಗಿಕೊಂಡು ಓಡಿಬಂದಳು: "ಅಯ್ಯೋ ಅತ್ತಿಗೆ! ಬೀದಿಗೆಲ್ಲ ಸೀದ ವಾಸನೆ ಹೊಡೀತಿದೆ, ನೀವು ಇಲ್ಲೇ ಕೂತಿದ್ದೀರಲ್ಲಾ!" ತಲೆಯೆತ್ತಿ ನೋಡಿದರೆ ಪಾತ್ರೆಯ ತಳ ಕರ್ರಗೆ, ಅದರಿಂದ ಸಣ್ಣಗೆ ಏಳುತ್ತಿರುವ ಹೊಗೆ. "ಏನೋ ಯೋಚನೆಯಲ್ಲಿದ್ದೆ ಕಣೇ" ಎಂದು ಡ್ರಮ್ಮಕ್ಕ ತೇಲಿಸಿದಳು. ನಾದಿನಿ ಅತ್ತ ತಿರುಗಿದ ಮೇಲೆ ಪಾತ್ರೆಗೆ ಮೂಗು ಹಚ್ಚಿ ಎಳೆದುಕೊಂಡಳು. ಏನೂ ಇಲ್ಲ. ಸೋಪು ಮೂಸಿದಳು, ಸೀಮೆಎಣ್ಣೆಯ ಬಾಟಲಿ ಮೂಸಿದಳು. ಅಲ್ಲೂ ಏನೂ ಇಲ್ಲ. ಅಷ್ಟು ವರ್ಷ ಕುಡಿದ ಆವಿ ಅವಳ ಮೂಗನ್ನು ಸದ್ದಿಲ್ಲದೆ ಕೊಂದು ಹಾಕಿತ್ತು. ಎಂದು ಸತ್ತಿತೋ ಅವಳಿಗೇ ಗೊತ್ತಿಲ್ಲ. ಅದು ಸತ್ತ ಮೇಲೆ ಎಷ್ಟು ಟ್ಯಾಂಕುಗಳ ಮೇಲೆ ರೈಟ್ ಗುರುತು ಹಾಕಿದ್ದಳೋ, ಅದಕ್ಕೂ ಲೆಕ್ಕವಿರಲಿಲ್ಲ. ಆ ಟ್ಯಾಂಕುಗಳ ಕೆಳಗೆಲ್ಲ ಮಲಗಿ ಕಿಡಿ ಹಾರಿಸಿದವನು ಅವಳ ತಮ್ಮ.

ಹೇಳಿಬಿಡಬೇಕಿತ್ತು. ನೀವೂ ಅದನ್ನೇ ಅನ್ನುತ್ತೀರಿ, ಅವಳಿಗೂ ಅದು ಗೊತ್ತಿತ್ತು. ಮಾರನೆಯ ದಿನ ಮ್ಯಾನೇಜರರ ಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಅವರು ಯಾರೊಂದಿಗೋ ಅವಳ ಮೂಗಿನ ಕಥೆಯನ್ನೇ ಹೇಳಿ ನಗುತ್ತಿದ್ದರು. ಅವಳ ಕಾಲು ಅಲ್ಲೇ ನಿಂತಿತು. ಮೂಗು ಹೋದ ಡ್ರಮ್ಮಕ್ಕ ಎಂದರೆ ಯಾರು? ಪೊರಕೆ ಹಿಡಿದ ಒಬ್ಬ ಸಣಕಲು ಹೆಂಗಸು, ಅಷ್ಟೇ. ಇಡೀ ಜನ್ಮದಲ್ಲಿ ಅವಳ ಮಾತಿಗಾಗಿ ನಾಲ್ಕು ಜನ ಕಾದು ನಿಂತದ್ದು ಆ ಏಣಿಯ ಬುಡದಲ್ಲಿ ಮಾತ್ರ. ಅದನ್ನು ಬಿಟ್ಟುಕೊಡಲು ಅವಳಿಂದ ಆಗಲಿಲ್ಲ. ವಾಪಸು ಬರುವಾಗ ಒಂದು ಉಪಾಯ ಹೊಳೆಯಿತು, ಹೊಳೆದದ್ದೇ ಮನಸ್ಸು ಹಗುರಾಯಿತು. ಇನ್ನು ಮುಂದೆ ಯಾವ ಟ್ಯಾಂಕಿಗೂ 'ಸರಿ' ಅನ್ನದಿದ್ದರಾಯಿತು! 'ಇನ್ನೂ ವಾಸನೆ ಇದೆ' ಎಂದರೆ ಮತ್ತೆ ತೊಳೆಯುತ್ತಾರೆ, ತೊಳೆದಷ್ಟೂ ಒಳ್ಳೆಯದೇ. ಮಾನವೂ ಉಳಿಯಿತು, ತಮ್ಮನೂ ಉಳಿದ.

ಮೊದಲ ಸಲ ಯಾರೂ ಏನೂ ಅನ್ನಲಿಲ್ಲ, ಮತ್ತೆ ತೊಳೆದರು. ಎರಡನೆಯ ಸಲ ಮೇಸ್ತ್ರಿ ಮುಖ ಸಿಂಡರಿಸಿದ. ಆಮೇಲಾಮೇಲೆ ಅವಳು ಏಣಿ ಹತ್ತುವ ಮೊದಲೇ ಕೆಳಗಿನವರು "ಇನ್ನೂ ಇದೆ!" ಎಂದು ಅವಳ ದನಿಯಲ್ಲೇ ಅಣಕಿಸತೊಡಗಿದರು. ಟ್ಯಾಂಕುಗಳು ಸೋರುತ್ತಾ ನಿಂತವು. ಮೇಸ್ತ್ರಿಯ ಬೈಗುಳವೆಲ್ಲ ಹೋಗಿ ಬೀಳುತ್ತಿದ್ದದ್ದು ತಮ್ಮನ ತಲೆಯ ಮೇಲೆ.

"ನಿಮ್ಮಕ್ಕ ನಿನ್ನನ್ನು ಸೆರಗಲ್ಲಿ ಕಟ್ಕೊಂಡು ತಿರುಗ್ತಾಳೆ ಕಣಯ್ಯಾ. ವೆಲ್ಡಿಂಗ್ ಬಿಟ್ಟು ತೊಟ್ಟಿಲಲ್ಲಿ ಮಲ್ಕೋ ಹೋಗು" ಎಂದ ಮೇಸ್ತ್ರಿ, ಎಲ್ಲರ ಮುಂದೆ.

ಅಂದು ಮನೆಗೆ ಬಂದ ತಮ್ಮ ಊಟದ ತಟ್ಟೆ ಸರಿಸಿದ. "ಅಕ್ಕ, ನಿಜ ಹೇಳು. ವಾಸನೆ ಇರುತ್ತೋ, ಇಲ್ಲಾ ನಂಗೇನಾದ್ರೂ ಆದೀತು ಅನ್ನೋ ಭಯಕ್ಕೆ ಹಾಗೆ ಹೇಳ್ತೀಯೋ?"

ನಾದಿನಿ ಅತ್ತಿಗೆಯ ಮುಖ ನೋಡಿದಳು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗಬೇಕು? ಆದರೆ ಡ್ರಮ್ಮಕ್ಕ, "ಇರುತ್ತೆ ಕಣೋ. ಈ ಮೂಗು ಎಂದಾದ್ರೂ ಸುಳ್ಳು ಹೇಳಿದ್ಯಾ?" ಎಂದಳು.

"ಮೂಗು ಹೇಳಲ್ಲ. ನೀನು ಹೇಳ್ತೀಯ" ಎಂದು ತಮ್ಮ ಕೈ ತೊಳೆದು ಎದ್ದುಹೋದ. ಅವಳಿಗೆ ಕಣ್ಣೀರು ಬಂತು. ಸಿಟ್ಟು ಇಳಿದರೆ ಸರಿಹೋಗುತ್ತಾನೆ ಎಂದುಕೊಂಡು ತಟ್ಟೆ ಎತ್ತಿಟ್ಟಳು.

ಅವನು ಸರಿಹೋಗಲಿಲ್ಲ. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಲಾರಿ ಬಂತು. ಡ್ರಮ್ಮಕ್ಕ ಹೊರಗೆ ಡ್ರಮ್ಮು ಇಳಿಸಿಕೊಳ್ಳುತ್ತಾ ಕ್ಲಿಪ್ಪು ಕಚ್ಚಿಸುತ್ತಿದ್ದಳು. ಒಳಗೆ ಹಳೆಯ ಟ್ಯಾಂಕಿನ ತಳದ ಕೊಳವೆಯ ಬುಡ ಬಿರುಕು ಬಿಟ್ಟಿತ್ತು. ಬೆಳಗ್ಗೆಯಷ್ಟೇ ತೊಳೆದಿದ್ದರು, ಎಂದಿನಂತೆ ಅವಳು "ಇನ್ನೂ ಇದೆ" ಎಂದಿದ್ದಳು. ತಮ್ಮ ತಾನೇ ಏಣಿ ಹತ್ತಿದ. ಟ್ಯಾಂಕಿನ ಬಾಯಿಗೆ ಮುಖ ಒಡ್ಡಿ ಉದ್ದಕ್ಕೆ ಉಸಿರೆಳೆದ, ಮತ್ತೊಮ್ಮೆ ಎಳೆದ. ಅವನ ಮೂಗಿಗೆ ಏನೂ ಬಡಿಯಲಿಲ್ಲ. ಕೆಳಗಿಳಿದು ತಾನೇ ಸೀಮೆಸುಣ್ಣ ತೆಗೆದುಕೊಂಡು ರೈಟ್ ಗುರುತು ಎಳೆದ. ಮೇಸ್ತ್ರಿ ನೋಡಿಯೂ ನೋಡದವನಂತೆ ಅತ್ತ ಹೋದ.

ಟ್ಯಾಂಕಿನ ತಳಕ್ಕೆ ಅಂಗೈ ದಪ್ಪ ಒಣಗಿದ ಅಂಟು ಕಚ್ಚಿಕೊಂಡಿತ್ತು. ಅದರೊಳಗೆ ಥಿನ್ನರು ಅವಿತಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗದು, ಕಾವು ತಾಗಿದರೆ ಹೊರಗೆ ಬರುತ್ತದೆ. ಕೊಳವೆ ಕಾದಿತು, ಆವಿ ಎದ್ದಿತು, ಬಿರುಕಿನಿಂದ ಕಿಡಿ ಒಳಗೆ ಹೋಯಿತು. ಡ್ರಮ್ಮಕ್ಕನಿಗೆ ಕೇಳಿಸಿದ್ದು ದೊಡ್ಡ ಸಿಡಿತವೇನಲ್ಲ, ದಪ್ಪ ಹಾಸಿಗೆಯನ್ನು ಮಹಡಿಯಿಂದ ಕೆಳಗೆ ಎಸೆದಂತೆ ಧಪ್ ಎಂಬ ಒಂದು ಸದ್ದು. ಅವಳಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಓಡಿಹೋಗುವಷ್ಟರಲ್ಲಿ ಮರಳಿನ ಬಕೆಟು, ನೊರೆಯ ಸಿಲಿಂಡರು ಹಿಡಿದು ಬೆಂಕಿ ಆರಿಸಿದ್ದರು. ತಮ್ಮ ಮೈಯೆಲ್ಲ ಸುಟ್ಟು ಗೋಡೆಯ ಬುಡದಲ್ಲಿ ಕೂತಿದ್ದ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು. ಆ ಕೈಗಳನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ತಮ್ಮನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮ್ಯಾನೇಜರರು, ವೆಲ್ಡರೇ ಪದ್ಧತಿ ಮುರಿದು ತಾನೇ ಮೂಸಿ ಒಪ್ಪಿಗೆ ಕೊಟ್ಟುಕೊಂಡ ಎಂದರು. ಎಂಥ ಪದ್ಧತಿ, ಎಂಥ ಒಪ್ಪಿಗೆ! ಕೆಟ್ಟ ಮೀಟರು ಮಲಗಿದ್ದ ಬೀರುವಿನ ಬಾಗಿಲು ತೆಗೆಯಿರಿ ಎಂದು ಅಲ್ಲಿ ಯಾರೂ ಅನ್ನಲಿಲ್ಲ. "ಅವರಕ್ಕ ಬೆಳಗ್ಗೇನೇ ಬೇಡ ಅಂದಿದ್ಲು ಸಾರ್" ಎಂದು ಮೇಸ್ತ್ರಿ ಸೇರಿಸಿದ. ಎಲ್ಲರೂ ಡ್ರಮ್ಮಕ್ಕನ ಕಡೆ ಗೌರವದಿಂದ ನೋಡಿದರು. ಅವಳ ಮೂಗಿನ ಕೀರ್ತಿ ಅಷ್ಟು ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ. ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಸ್ಪತ್ರೆಯಲ್ಲಿ ಸುಟ್ಟವರ ವಾರ್ಡಿಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ನಾದಿನಿ ಹೋಗಿ ಬಂದ ಮೇಲೆ ಇವಳ ಸರದಿ. ನರ್ಸು ನಿಲುವಂಗಿ ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿ, "ಮುಟ್ಬೇಡಿ, ಹೆಚ್ಚು ಹೊತ್ತು ಮಾತಾಡಿಸ್ಬೇಡಿ" ಎಂದು ಒಳಗೆ ಬಿಟ್ಟಳು. ತಮ್ಮನ ಮುಖ ಉಬ್ಬಿ ಗುರುತೇ ಸಿಗುತ್ತಿರಲಿಲ್ಲ. ಕಣ್ಣಿನ ಸೀಳಿನಲ್ಲಿ ಅವಳನ್ನು ನೋಡಿದ.

"ಅಕ್ಕ."

"ಇದೀನಿ ಕಣೋ. ಮಾತಾಡ್ಬೇಡ."

"ನಿನ್ನ ಮಾತು ಕೇಳ್ಬೇಕಿತ್ತು." ಒಂದೊಂದು ಪದಕ್ಕೂ ನಿಲ್ಲುತ್ತಿದ್ದ. "ನಾನೂ ಮೂಸಿದೆ ಅಕ್ಕ. ಎರಡು ಸಲ ಮೂಸಿದೆ. ಏನೂ ಬರ್ಲಿಲ್ಲ. ನಿಂಗೆ ಮಾತ್ರ ಹೇಗೆ ಬಂತು?"

ಅದೇ ಶೆಡ್ಡು, ಅದೇ ಆವಿ. ಅವಳ ಮೂಗನ್ನು ತಿಂದದ್ದು ಅವನದನ್ನು ಬಿಟ್ಟೀತೇ? ತನ್ನ ಮೂಗಿಗಾಗಿ ಅಳುತ್ತಾ ಕೂತ ಡ್ರಮ್ಮಕ್ಕನಿಗೆ ಈ ಯೋಚನೆ ಒಮ್ಮೆಯೂ ಬಂದಿರಲಿಲ್ಲ. 'ನಂಗೆ ವಾಸನೆ ಹೋಗಿದೆ' ಎಂದು ಅಂದು ಊಟದ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ, 'ಅರೆ, ನಂಗೂ ಏನೂ ತಿಳಿಯಲ್ಲ ಅಕ್ಕ' ಎಂದು ಅವನೂ ಅನ್ನುತ್ತಿದ್ದನೇನೋ. ಈಗಲೂ ಸುಮ್ಮನಿರಬಹುದಿತ್ತು. ಅಕ್ಕನ ಮಾತು ಮೀರಿದ ತಪ್ಪು ತನ್ನದೇ ಎಂದು ಅವನು ಒಪ್ಪಿಕೊಂಡಾಗಿತ್ತು.

"ನಂಗೂ ಬರ್ಲಿಲ್ಲ" ಎಂದಳು. "ನನ್ನ ಮೂಗು ಹೋಗಿ ಬಹಳ ದಿನ ಆಯ್ತು ಕಣೋ. ನೀನು ಟ್ಯಾಂಕಿನ ಹತ್ರ ಹೋಗ್ಬಾರ್ದು ಅಂತ ಸುಳ್ಳು ಹೇಳ್ತಿದ್ದೆ. ತಪ್ಪು ನಿಂದಲ್ಲ."

"ಅವತ್ತೇ ಹೇಳ್ಬಾರ್ದಿತ್ತಾ?" ಎಂದ ತಮ್ಮ.

ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಲು ನೋಡಿದ, ಆಗಲಿಲ್ಲ. ನರ್ಸು ಬಂದು ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಆ ರಾತ್ರಿಯನ್ನು ಅವನು ದಾಟಲಾರ ಎಂದು ಡಾಕ್ಟರು ಆಗಲೇ ಹೇಳಿಬಿಟ್ಟಿದ್ದರು.

ವಾರ್ಡಿನ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ನಾದಿನಿ ಮುದುರಿ ಕೂತಿದ್ದಳು. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. "ಏನಂದ್ರು ಅತ್ತಿಗೆ? ಮಾತಾಡಿದ್ರಾ?"

ಡ್ರಮ್ಮಕ್ಕ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಹಾಲು ಸೀದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಕೇಳಿ ಮುಗಿದ ಮೇಲೆ ನಾದಿನಿ ಎದ್ದುಹೋಗಿ ಎದುರಿನ ಬೆಂಚಿನ ಮೇಲೆ ಕೂತಳು.